ಡಿಸ್ಚಾರ್ಜ್ ಚೀಟಿಯ ನಂತರದ ಹೊಣೆ: ಆರೈಕೆ ನಿರ್ವಹಣೆಯ ಆನ್‌ಲೈನ್ ಕೋರ್ಸುಗಳನ್ನು ಆರಿಸುವ ಬಗೆ

ರೋಗಿಗೆ ಯಾವ ಕಾಯಿಲೆಯಿದೆ, ಅದಕ್ಕೆ ಯಾವ ಔಷಧ ಕೊಡಬೇಕು ಎಂದು ತೀರ್ಮಾನಿಸುವುದು ಚಿಕಿತ್ಸೆಯ ಕೆಲಸವಾದರೆ, ಆ ತೀರ್ಮಾನವು ರೋಗಿಯ ಮನೆಯಲ್ಲಿ ದಿನವೂ ನಡೆಯುವಂತೆ ನೋಡಿಕೊಳ್ಳುವುದು ಆರೈಕೆ ನಿರ್ವಹಣೆಯ ಕೆಲಸ. ಮಾತ್ರೆ ಮುಗಿಯುವ ಮೊದಲೇ ಮತ್ತೆ ಕೈಗೆ ಸಿಗುವಂತೆ ಮಾಡುವುದು, ಮರುಭೇಟಿಯ ದಿನ ತಪ್ಪದಂತೆ ನೆನಪಿಸುವುದು, ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬ ವೈದ್ಯರಿಗೆ ತಿಳಿಯುವಂತೆ ಏರ್ಪಾಡು ಮಾಡುವುದು, ಯಾವ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಬರಬೇಕೆಂದು ಮನೆಯವರಿಗೆ ಮನದಟ್ಟು ಮಾಡುವುದು, ಖರ್ಚಿಗೆ ಯಾವ ಸರ್ಕಾರಿ ಯೋಜನೆ ಒದಗುತ್ತದೆಂದು ಗುರುತಿಸುವುದು ಇವೆಲ್ಲ ಅದರೊಳಗೆ ಬರುತ್ತವೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸಂಯೋಜಕರು ಇರುವುದುಂಟು. ಉಳಿದ ಕಡೆ ಈ ಹೊಣೆ ವಾರ್ಡಿನ ನರ್ಸಿಂಗ್ ಅಧಿಕಾರಿ, ಹಳ್ಳಿಯ ಆಶಾ ಕಾರ್ಯಕರ್ತೆ, ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ, ಯೋಜನೆಯ ಕಾಗದಪತ್ರ ನೋಡುವ ಆರೋಗ್ಯ ಮಿತ್ರ ಹೀಗೆ ಹಲವರ ನಡುವೆ ಹಂಚಿಹೋಗಿದೆ. ಕೆಲಸ ಮೈಮೇಲೆ ಬಿದ್ದಿದ್ದರೂ ಅದನ್ನು ಒಂದು ವಿದ್ಯೆಯಾಗಿ ಕಲಿಯುವ ಅವಕಾಶ ಇವರಲ್ಲಿ ಹೆಚ್ಚಿನವರಿಗೆ ಸಿಕ್ಕಿರುವುದಿಲ್ಲವಾದ್ದರಿಂದ ಅವರು ಮೊಬೈಲಿನಲ್ಲಿ ಸಿಗುವ ಕೋರ್ಸುಗಳತ್ತ ತಿರುಗುವುದು ಸಹಜ. ಆದರೆ ಅಲ್ಲಿ ಕಾಣುವ ನೂರಾರು ಕೋರ್ಸುಗಳಲ್ಲಿ ಬಹುಪಾಲು ಬೇರೆ ದೇಶದ, ಬೇರೆ ಬಗೆಯ ಆಸ್ಪತ್ರೆಯ ಅಗತ್ಯಕ್ಕೆ ರೂಪುಗೊಂಡವು.

ಬಳ್ಳಾರಿ ಜಿಲ್ಲೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಆಯ್ಕೆಯ ಪ್ರಶ್ನೆ ಸ್ಪಷ್ಟವಾಗುತ್ತದೆ. ನವಶಿಲಾಯುಗದ ಕಲ್ಲಿನ ಕೊಡಲಿಗಳ ತಯಾರಿಕೆಯ ನೆಲೆಯೆಂದು ಪುರಾತತ್ತ್ವಜ್ಞರಲ್ಲಿ ಹೆಸರಾದ ಸಂಗನಕಲ್ಲು ಬಳ್ಳಾರಿ ನಗರದ ಮಗ್ಗುಲಲ್ಲೇ ಇರುವುದರಿಂದ, ಅಲ್ಲಿನವರಿಗೆ ನಗರದ ದೊಡ್ಡಾಸ್ಪತ್ರೆ ಒಂದು ಆಟೋದ ದೂರ. ಕುರುಗೋಡಿನವರಿಗೆ ಅದು ಬಸ್ಸಿನ ಪ್ರಯಾಣ. ಸಿರುಗುಪ್ಪದ ಹಳ್ಳಿಗಳವರಿಗೆ ಐವತ್ತು ಕಿಲೊಮೀಟರಿಗೂ ಮೀರಿದ, ಒಂದು ದಿನದ ಕೂಲಿಯನ್ನು ಬಿಟ್ಟು ಹೋಗಬೇಕಾದ ದಾರಿ. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭಗೊಂಡು ವಿಮ್ಸ್ ಎಂಬ ಹೆಸರಿನಿಂದ ಜನರ ಬಾಯಲ್ಲಿ ನೆಲೆಸಿದ ಬಳ್ಳಾರಿಯ ಆಸ್ಪತ್ರೆಗೆ ಈ ಜಿಲ್ಲೆಯವರಷ್ಟೇ ಅಲ್ಲ, ಗಡಿಯಾಚೆಯ ಆಂಧ್ರದ ಊರುಗಳವರೂ ಬರುತ್ತಾರೆ. ಸಿರುಗುಪ್ಪದ ಅಂಚಿನ ಹಳ್ಳಿಗಳವರು ಗಡಿಯಾಚೆಯ ಆದೋನಿಯ ಕಡೆಗೂ ಹೋಗುತ್ತಾರೆ. ಹೀಗೆ ಒಬ್ಬರೇ ರೋಗಿಯ ಬಳಿ ಊರಿನ ಕ್ಲಿನಿಕ್ಕಿನ ಚೀಟಿ, ತಾಲ್ಲೂಕು ಆಸ್ಪತ್ರೆಯ ಒಪಿಡಿ ಚೀಟಿ, ಬಳ್ಳಾರಿಯ ಡಿಸ್ಚಾರ್ಜ್ ಚೀಟಿ ಮೂರೂ ಸೇರುತ್ತವೆ, ಮೂರನ್ನೂ ಒಟ್ಟಿಗೆ ಇಟ್ಟು ಓದುವವರು ಮಾತ್ರ ಇರುವುದಿಲ್ಲ.

ಈ ಮೂರು ಚೀಟಿಗಳಿಂದ ಆಗಬಹುದಾದ ಹಾನಿ ಸಣ್ಣದಲ್ಲ. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಎಂಬ ಒಂದೇ ಔಷಧ ಹಲವು ಕಂಪನಿಗಳ ಹಲವು ಹೆಸರುಗಳಲ್ಲಿ ಮಾರಾಟವಾಗುವುದರಿಂದ, ಊರಿನಲ್ಲಿ ಕೊಂಡ ಮಾತ್ರೆಯನ್ನೂ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನೂ ಎರಡು ಬೇರೆ ಔಷಧಗಳೆಂದು ತಿಳಿದು ಎರಡನ್ನೂ ನುಂಗುವ ವೃದ್ಧರು ತಲೆಸುತ್ತಿ ಬೀಳುವ ಸಾಧ್ಯತೆ ಇರುತ್ತದೆ. ರೋಗಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವಾಗಲೆಲ್ಲ ಹಳೆಯ ಮತ್ತು ಹೊಸ ಔಷಧಗಳ ಪಟ್ಟಿಗಳನ್ನು ಎದುರು ಬದುರು ಇಟ್ಟು, ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು, ಯಾವುದು ಎರಡು ಬಾರಿ ಬಂದಿದೆ ಎಂದು ಗುರುತಿಸಿ ವೈದ್ಯರ ಗಮನಕ್ಕೆ ತರುವ ಕ್ರಮವನ್ನು ಔಷಧ ತಾಳೆ ನೋಡುವುದು ಎನ್ನಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧಗಳಿಂದಾಗುವ ಹಾನಿಯನ್ನು ತಗ್ಗಿಸುವ ಜಾಗತಿಕ ಅಭಿಯಾನ ಆರಂಭಿಸಿದಾಗ ಮುಖ್ಯವೆಂದು ಆರಿಸಿಕೊಂಡ ಮೂರು ವಿಷಯಗಳಲ್ಲಿ, ಆರೈಕೆಯು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಈ ಸಂದರ್ಭವೂ ಒಂದಾಗಿತ್ತು. ಅಪಾಯ ಹೆಚ್ಚಿರುವ ಸನ್ನಿವೇಶಗಳು ಮತ್ತು ಒಬ್ಬರೇ ರೋಗಿಗೆ ಹಲವು ಔಷಧಗಳು ಸೇರುವುದು ಉಳಿದೆರಡು.

ಆರೈಕೆ ನಿರ್ವಹಣೆ ಎಂಬ ಹೆಸರಿನ ಕೋರ್ಸು ಸಿಕ್ಕಾಗ ಅದರ ಪಠ್ಯಕ್ರಮದಲ್ಲಿ ಮೊದಲು ಹುಡುಕಬೇಕಾದದ್ದು ಇಂಥ ದಾಟುವಿಕೆಯ ಪಾಠ. ಅಮೆರಿಕದ ವೈದ್ಯ ಎರಿಕ್ ಕೋಲ್ಮನ್ ಆಸ್ಪತ್ರೆಯಿಂದ ಮನೆಗೆ ಹೋಗುವ ರೋಗಿಗಳಿಗಾಗಿ ರೂಪಿಸಿದ ಕ್ರಮವು ನಾಲ್ಕು ಆಧಾರಗಳ ಮೇಲೆ ನಿಂತಿದೆ: ರೋಗಿಗೆ ತನ್ನ ಔಷಧಗಳ ಅರಿವು, ರೋಗಿಯ ಕೈಯಲ್ಲೇ ಇರುವ ಆರೋಗ್ಯ ದಾಖಲೆ, ನಿಗದಿಯಾದ ಮರುಭೇಟಿ, ಅಪಾಯದ ಲಕ್ಷಣಗಳ ತಿಳಿವಳಿಕೆ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಈ ಕ್ರಮದಿಂದ ರೋಗಿಗಳು ಮತ್ತೆ ಆಸ್ಪತ್ರೆಗೆ ದಾಖಲಾಗುವುದು ಕಡಿಮೆಯಾದದ್ದು ಕಂಡುಬಂತು. ಈ ನಾಲ್ಕರಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ, ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಲ್ಲೂ ನಾಳೆಯೇ ಆರಂಭಿಸಬಹುದು. ಕರ್ನಾಟಕಕ್ಕೆ ಇದು ಪೂರ್ತಿ ಹೊಸತೂ ಅಲ್ಲ. ಗರ್ಭಿಣಿಯ ಕೈಯಲ್ಲಿರುವ ತಾಯಿ ಕಾರ್ಡ್ ರೋಗಿಯ ಬಳಿಯೇ ಉಳಿಯುವ ದಾಖಲೆಗೆ ಒಳ್ಳೆಯ ಮಾದರಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಹೋಗಬೇಕೆಂಬ ನಿಯಮ ಕ್ರಮಬದ್ಧ ಅನುಸರಣೆಗೆ ಮಾದರಿ. ತಾಯಿ ಮತ್ತು ಶಿಶುವಿನ ವಿಷಯದಲ್ಲಿ ಹಲವು ವರ್ಷಗಳಿಂದ ರೂಢಿಯಲ್ಲಿರುವ ಈ ಶಿಸ್ತು ಬಿಪಿ, ಶುಗರ್, ಪಾರ್ಶ್ವವಾಯು, ಕಿಡ್ನಿ ಕಾಯಿಲೆಗಳ ರೋಗಿಗಳಿಗೆ ಇನ್ನೂ ಅಷ್ಟೇ ಗಟ್ಟಿಯಾಗಿ ದೊರೆತಿಲ್ಲ.

ದೊರೆಯಬೇಕಾದ ತುರ್ತು ಮಾತ್ರ ದೊಡ್ಡದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ ಮಧುಮೇಹ, ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ ಇದೆ. ಮನೆಮನೆಗೆ ಹೋಗಿ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದ್ದರಿಂದ ಕಾಯಿಲೆ ಪತ್ತೆಯಾಗುವವರ ಸಂಖ್ಯೆ ಹೆಚ್ಚುವುದು ಖಚಿತ. ಪತ್ತೆಯಾದವರು ಹತ್ತು ವರ್ಷ, ಇಪ್ಪತ್ತು ವರ್ಷ ಔಷಧ ಬಿಡದೆ ಉಳಿಯುವಂತೆ ನೋಡಿಕೊಳ್ಳುವುದು ತಪಾಸಣೆಗಿಂತ ಕಷ್ಟದ ಕೆಲಸ. ಶ್ರೀಮಂತ ದೇಶಗಳಲ್ಲಿಯೂ ದೀರ್ಘಕಾಲದ ಕಾಯಿಲೆಯವರಲ್ಲಿ ಸರಾಸರಿ ಅರ್ಧದಷ್ಟು ಮಂದಿ ಮಾತ್ರ ಹೇಳಿದಂತೆ ಔಷಧ ಸೇವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿಯೇ ಹೇಳಿತ್ತು.

ಕೋರ್ಸುಗಳನ್ನು ಹೋಲಿಸುವ ಮುನ್ನ ಕಾನೂನಿನ ಒಂದು ಗೆರೆಯನ್ನು ತಿಳಿದುಕೊಳ್ಳಬೇಕು, ಏಕೆಂದರೆ ಹಣ ಮತ್ತು ವರ್ಷಗಳು ಹೆಚ್ಚಾಗಿ ವ್ಯರ್ಥವಾಗುವುದು ಇಲ್ಲಿ. ನರ್ಸಿಂಗ್, ಫಿಸಿಯೋಥೆರಪಿಯಂತಹ ವೃತ್ತಿ ಪದವಿಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನೀಡುವುದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಗಳಲ್ಲಿ ಅವಕಾಶವಿಲ್ಲ. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬರುವ ಪದವಿಗಳನ್ನೂ, ಮನಃಶಾಸ್ತ್ರ ಮತ್ತು ಪೋಷಣಾ ವಿಜ್ಞಾನದಂತಹ ವಿಷಯಗಳು ಸೇರಿದಂತೆ, 2025ರ ಜುಲೈ–ಆಗಸ್ಟ್ ಅವಧಿಯಿಂದ ಆನ್‌ಲೈನ್ ಹಾಗೂ ದೂರಶಿಕ್ಷಣದಲ್ಲಿ ನೀಡಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ ಸೂಚಿಸಿದೆ. ಆದ್ದರಿಂದ ಮನೆಯಲ್ಲೇ ಕುಳಿತು ನರ್ಸ್ ಆಗಬಹುದೆಂದೋ ರೋಗಿಗಳಿಗೆ ಚಿಕಿತ್ಸೆ ನೀಡುವ ಪರವಾನಗಿ ಸಿಗುತ್ತದೆಂದೋ ಯಾವ ಜಾಹೀರಾತು ಹೇಳಿದರೂ ಅದನ್ನು ನಂಬಬಾರದು. ಈಗಾಗಲೇ ವೃತ್ತಿಯಲ್ಲಿರುವವರು ತಮ್ಮ ಕೌಶಲ ಹೆಚ್ಚಿಸಿಕೊಳ್ಳಲು ಮಾಡುವ ಅಲ್ಪಾವಧಿಯ ಕೋರ್ಸು ಬೇರೆ ಬಗೆಯದು, ಅದಕ್ಕೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಆದರೆ ಅದು ಕೊಡುವ ಪ್ರಮಾಣಪತ್ರಕ್ಕೆ ನರ್ಸಿಂಗ್ ಕೌನ್ಸಿಲಿನ ನೋಂದಣಿಯ ಬೆಲೆಯೂ ಇರುವುದಿಲ್ಲ.

ಹೊರದೇಶದ ಕೋರ್ಸುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಮೆರಿಕದಲ್ಲಿ ಕೇಸ್ ಮ್ಯಾನೇಜರ್ ಎಂಬುದು ದಶಕಗಳಿಂದ ನೆಲೆಗೊಂಡ ವೃತ್ತಿ. ಅದರ ಪ್ರಮಾಣಪತ್ರ ನೀಡುವ ಆಯೋಗ 1992ರಿಂದ ಇದೆ, ಆ ಪರೀಕ್ಷೆಗೆ ಕೂರಲು ವೃತ್ತಿಯ ಪರವಾನಗಿ ಅಥವಾ ಪದವಿಯ ಜೊತೆಗೆ ಕೆಲಸದ ಅನುಭವವೂ ಬೇಕು. ಹೊರದೇಶಕ್ಕೆ ಕೆಲಸಕ್ಕೆ ಹೋಗುವ ನರ್ಸುಗಳಿಗೆ ಅದು ಉಪಯುಕ್ತವಾದೀತು. ಆದರೆ ಅಂತಹ ಕೋರ್ಸುಗಳ ದೊಡ್ಡ ಭಾಗ ಅಲ್ಲಿನ ವಿಮಾ ಕಂಪನಿಗಳ ಅನುಮತಿ, ಆಸ್ಪತ್ರೆಯಲ್ಲಿ ಎಷ್ಟು ದಿನ ಇರಬಹುದೆಂಬ ಲೆಕ್ಕ, ಅಲ್ಲಿನ ಕಾಯ್ದೆಗಳು ಇವುಗಳಿಗೇ ಮೀಸಲಾಗಿರುತ್ತದೆ. ಕುರುಗೋಡಿನಲ್ಲಿ ಕೆಲಸ ಮಾಡುವವರಿಗೆ ತಿಳಿದಿರಬೇಕಾದದ್ದು ಬೇರೆ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ದೊರೆಯುತ್ತದೆ, ತುರ್ತು ಸಂದರ್ಭ ಬಿಟ್ಟರೆ ಕ್ಲಿಷ್ಟ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಸಿಗುತ್ತಿದ್ದ 500 ರೂಪಾಯಿ 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿದೆ, ಮಾನಸಿಕ ತೊಂದರೆಗೆ 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿ ಇದೆ. ಇದನ್ನು ಯಾವ ಹೊರದೇಶದ ಕೋರ್ಸೂ ಕಲಿಸದು, ಸ್ಥಳೀಯ ಆದೇಶ–ಸುತ್ತೋಲೆಗಳಿಂದಲೇ ತಿಳಿಯಬೇಕು. ಎಲ್ಲ ದೇಶಕ್ಕೂ ಸಲ್ಲುವ ಭಾಗವನ್ನು ಹೊರಗಿನ ಕೋರ್ಸಿನಿಂದ ಪಡೆದು, ವ್ಯವಸ್ಥೆಗೆ ಸಂಬಂಧಿಸಿದ ಭಾಗವನ್ನು ಇಲ್ಲಿಯೇ ಕಲಿಯುವುದು ಹೆಚ್ಚು ಪ್ರಯೋಜನಕಾರಿ.

ಎಲ್ಲ ದೇಶಕ್ಕೂ ಸಲ್ಲುವ ಭಾಗವೆಂದರೆ ಮುಖ್ಯವಾಗಿ ಮಾತಿನ ಕೌಶಲ. ಹೇಳಿದ್ದನ್ನು ರೋಗಿಯ ಬಾಯಿಂದಲೇ ಮರಳಿ ಹೇಳಿಸಿ, ತಪ್ಪಿದ್ದರೆ ತಮ್ಮ ವಿವರಣೆಯನ್ನೇ ತಿದ್ದಿಕೊಂಡು ಮತ್ತೆ ಹೇಳುವ ಕ್ರಮವನ್ನು ಇಂಗ್ಲಿಷಿನಲ್ಲಿ ಟೀಚ್ ಬ್ಯಾಕ್ ಎನ್ನುತ್ತಾರೆ. ಅರ್ಥವಾಯಿತೇ ಎಂದು ಕೇಳಿ ಹೂಂ ಎನಿಸಿಕೊಳ್ಳುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಬಳ್ಳಾರಿಯ ವಾರ್ಡುಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುತ್ತವೆ, ಡಿಸ್ಚಾರ್ಜ್ ಚೀಟಿ ಮಾತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಪಾಠ ಇಂಗ್ಲಿಷಿನಲ್ಲಿದ್ದರೂ ಅಭ್ಯಾಸ ರೋಗಿಯ ಮಾತಿನಲ್ಲೇ ನಡೆಯಬೇಕು. ಕೇವಲ ಆಯ್ಕೆಯ ಉತ್ತರಗಳಿಗೆ ಗುರುತು ಹಾಕಿಸುವ ಕೋರ್ಸಿಗಿಂತ, ಒಂದು ಸಂಭಾಷಣೆಯನ್ನು ನಡೆಸಿ ತೋರಿಸುವಂತೆ ಕೇಳಿ ಅದನ್ನು ನೋಡಿ ತಿದ್ದುವ ಕೋರ್ಸು ಈ ಕಾರಣಕ್ಕೆ ಮೇಲು. ಹಾಗೆಯೇ, ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ರೋಗಿಯನ್ನು ಒಪ್ಪಿಸುವಾಗ ಈಗಿನ ಸ್ಥಿತಿ, ಹಿನ್ನೆಲೆ, ತಮ್ಮ ಅಂದಾಜು, ಮುಂದೆ ಆಗಬೇಕಾದದ್ದು ಎಂಬ ನಾಲ್ಕು ಅಂಶಗಳನ್ನು ಅದೇ ಅನುಕ್ರಮದಲ್ಲಿ ಹೇಳುವ ಎಸ್‌ಬಿಎಆರ್ ಎಂಬ ಕ್ರಮವನ್ನು ಕಲಿಸುತ್ತದೆಯೇ ಎಂದೂ ನೋಡಬಹುದು. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಹುಟ್ಟಿದ ಈ ಕ್ರಮ ಇಂದು ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ.

ಪಾಠದಲ್ಲಿರುವ ಊಹೆಗಳನ್ನು ಸ್ಥಳೀಯ ಬದುಕಿನ ಮುಂದಿಟ್ಟು ಪರೀಕ್ಷಿಸುವುದು ಕಲಿಯುವವರ ಹೊಣೆಯಾಗಿಯೇ ಉಳಿಯುತ್ತದೆ. ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಉಷ್ಣತೆಯಲ್ಲಿ ಇಡಬೇಕು ಎಂಬಲ್ಲಿಗೆ ಪಾಠ ಮುಗಿಯಬಹುದು, ಏಕೆಂದರೆ ಪ್ರತಿ ಮನೆಯಲ್ಲೂ ಫ್ರಿಜ್ ಇದೆಯೆಂದು ಅದು ಭಾವಿಸಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಫ್ರಿಜ್ ಇಲ್ಲದ ಮನೆಯವರು ಬಳಕೆಯಲ್ಲಿರುವ ಸೀಸೆಯನ್ನು ಎಲ್ಲಿಡಬೇಕೆಂಬುದೇ ನಿಜವಾದ ಪ್ರಶ್ನೆ. ನೀರು ತುಂಬಿದ ಮಣ್ಣಿನ ಮಡಕೆಯ ಏರ್ಪಾಡು ಹೊರಗಿನ ಉಷ್ಣತೆಗಿಂತ ಗಣನೀಯವಾಗಿ ತಂಪಾಗಿರುತ್ತದೆಂಬುದು ಅಧ್ಯಯನಗಳಿಂದ ತಿಳಿದಿದ್ದು, ಸೀಸೆಗೆ ನೀರು ತಗಲದಂತೆ ಅದನ್ನು ಬಳಸುವ ಬಗೆಯನ್ನು ಮನೆಯವರಿಗೆ ತೋರಿಸಿಕೊಡಬೇಕು. ಮರುಭೇಟಿಯ ದಿನವೂ ಹಾಗೆಯೇ. ತುಂಗಭದ್ರೆಯ ನೀರು ಕಾಲುವೆಗೆ ಬಂದು ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿ ನಡೆಯುವ ವಾರಗಳಲ್ಲಿ, ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ, ಕೂಲಿಯವರಿಗೆ ಕೊಟ್ಟ ದಿನ ತಪ್ಪುವುದನ್ನು ಬೇಜವಾಬ್ದಾರಿ ಎನ್ನುವುದು ಅನ್ಯಾಯ. ಆ ವಾರಗಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು, ಔಷಧವನ್ನು ಹೆಚ್ಚು ದಿನಕ್ಕೆ ಕೊಡಲಾದೀತೇ ಎಂದು ವೈದ್ಯರನ್ನು ಕೇಳುವುದು, ಹತ್ತಿರದ ಆರೋಗ್ಯ ಮಂದಿರದಿಂದ ಇ-ಸಂಜೀವಿನಿ ಎಂಬ ದೂರಸಮಾಲೋಚನೆಯ ಸೇವೆಯ ಮೂಲಕ ವೈದ್ಯರೊಂದಿಗೆ ಮಾತನಾಡಿಸುವುದು ಆರೈಕೆ ನಿರ್ವಹಣೆಯ ತಿರುಳು.

ಬೋಧನೆಯ ರೂಪಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು, ಕಲಿಯುವವರು ತಮ್ಮದೇ ರೋಗಿಗಳ ಸಮಸ್ಯೆಯನ್ನು ಮುಂದಿಟ್ಟು ತಜ್ಞರೊಂದಿಗೆ ನೇರವಾಗಿ ಚರ್ಚಿಸುವ ವಿಧಾನ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ಎಕೋ ಯೋಜನೆಯಲ್ಲಿ ಹಳ್ಳಿಗಾಡಿನ ವೈದ್ಯರು ವಾರ ವಾರ ವಿಡಿಯೊ ಮೂಲಕ ಸೇರಿ ಹೆಪಟೈಟಿಸ್ ಸಿ ರೋಗಿಗಳ ಬಗ್ಗೆ ಚರ್ಚಿಸುತ್ತಿದ್ದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೀಗೆ ಕಲಿತವರ ಕೈಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ 58.2ರಷ್ಟು ಮಂದಿ ವೈರಸ್‌ನಿಂದ ಮುಕ್ತರಾಗಿದ್ದರು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಆ ಪ್ರಮಾಣ ಶೇ 57.5. ಬೆಂಗಳೂರಿನ ನಿಮ್ಹಾನ್ಸ್ ಇದೇ ಮಾದರಿಯನ್ನು ಮಾನಸಿಕ ಆರೋಗ್ಯಕ್ಕೆ ಅಳವಡಿಸಿಕೊಂಡು, 2018ರಲ್ಲಿ ಆರಂಭಿಸಿದ ಡಿಜಿಟಲ್ ಅಕಾಡೆಮಿಯ ಮೂಲಕ ವೈದ್ಯರು, ನರ್ಸುಗಳು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರಿಗೆ ತರಬೇತಿ ನೀಡುತ್ತಾ ಬಂದಿದೆ. ಗುಣವಾಗದ ಕಾಯಿಲೆಯವರ ನೋವು ಶಮನ ಮಾಡುವ ಉಪಶಾಮಕ ಆರೈಕೆಯಲ್ಲಿ ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಇಂಥ ಕಲಿಕೆಗೆ ಹೆಸರಾಗಿದೆ. ಯಾರೋ ಎಂದೋ ರೆಕಾರ್ಡ್ ಮಾಡಿಟ್ಟ ಉಪನ್ಯಾಸಗಳ ಸಾಲಿಗಿಂತ ಇಂತಹ ಚರ್ಚೆಯ ಒಂದು ಗಂಟೆ ಹೆಚ್ಚು ಕಲಿಸುತ್ತದೆ, ಏಕೆಂದರೆ ಅಲ್ಲಿ ಪ್ರಶ್ನೆಯೇ ಕಲಿಯುವವರ ವಾರ್ಡಿನಿಂದ ಬಂದಿರುತ್ತದೆ. ಚರ್ಚೆಗೆ ರೋಗಿಯ ವಿವರ ತರುವಾಗ ಹೆಸರು, ಊರು, ಮೊಬೈಲ್ ಸಂಖ್ಯೆ, ಮುಖದ ಚಿತ್ರ ತೆಗೆದುಹಾಕಬೇಕೆಂದು ಕೋರ್ಸು ಮೊದಲ ದಿನವೇ ಹೇಳದಿದ್ದರೆ ಅದರ ಗುಣಮಟ್ಟವನ್ನು ಅನುಮಾನಿಸಬೇಕಾಗುತ್ತದೆ.

ಖರ್ಚಿನ ವಿಷಯ ಸರಳ. 2017ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ವಯಂ ವೇದಿಕೆಯಲ್ಲಿ ಪಾಠ ಉಚಿತ, ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಮೇಲ್ವಿಚಾರಣೆಯ ಪರೀಕ್ಷೆ ಬರೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಆನ್‌ಲೈನ್ ಪಾಠಗಳೂ ಉಚಿತ. ಕೋರ್ಸೆರಾದಂತಹ ಖಾಸಗಿ ವೇದಿಕೆಗಳಲ್ಲಿ ಆರ್ಥಿಕ ನೆರವಿಗೆ ಅರ್ಜಿ ಹಾಕುವ ಅವಕಾಶವಿದೆ. ಸಾವಿರಾರು ರೂಪಾಯಿ ಕೇಳುವ ಕೋರ್ಸಿಗೆ ಸೇರುವ ಮೊದಲು ಇವುಗಳಲ್ಲಿ ಒಂದನ್ನಾದರೂ ಪೂರ್ತಿ ಮಾಡಿ ನೋಡುವುದು ಜಾಣತನ. ಹಣಕ್ಕಿಂತ ಕಷ್ಟದ್ದು ಸಮಯ. ರಾತ್ರಿ ಪಾಳಿ ಮುಗಿಸಿ ಮನೆಯ ಕೆಲಸವನ್ನೂ ನೋಡಬೇಕಾದ ನರ್ಸಿಗೆ, ವಾರಕ್ಕೊಮ್ಮೆ ಗಡುವು ಇಟ್ಟು ಹನ್ನೆರಡು ವಾರ ನಡೆಯುವ ಕೋರ್ಸಿಗಿಂತ ನಾಲ್ಕು ವಾರದ ಕೋರ್ಸು ಮುಗಿಯುವ ಸಂಭವ ಹೆಚ್ಚು. ಇಂತಹ ಉಚಿತ ಕೋರ್ಸುಗಳಿಗೆ ಸೇರಿದವರಲ್ಲಿ ಕೊನೆ ಮುಟ್ಟುವವರು ಸ್ವಲ್ಪವೇ ಎಂಬುದು ಪ್ರಪಂಚದ ಎಲ್ಲೆಡೆಯ ಅನುಭವ. ಒಂದೇ ಆಸ್ಪತ್ರೆಯ ಮೂವರು ನಾಲ್ವರು ಒಟ್ಟಿಗೆ ಸೇರಿಕೊಂಡು, ವಾರದಲ್ಲಿ ಒಂದು ಗಂಟೆಯನ್ನು ಕರ್ತವ್ಯದ ಅವಧಿಯಲ್ಲೇ ಕಲಿಕೆಗೆ ಬಿಡುವಂತೆ ಆಡಳಿತ ವೈದ್ಯಾಧಿಕಾರಿಯನ್ನು ಕೇಳುವುದು ನ್ಯಾಯವಾದ ಬೇಡಿಕೆ. ಆಸ್ಪತ್ರೆಗೆ ಬೇಕಾದ ಕೌಶಲವನ್ನು ಸಿಬ್ಬಂದಿ ತಮ್ಮ ನಿದ್ದೆಯ ಹೊತ್ತಿನಲ್ಲಿ, ತಮ್ಮ ಜೇಬಿನ ಡೇಟಾ ಖರ್ಚಿನಲ್ಲಿ ಕಲಿಯಬೇಕೆಂದು ನಿರೀಕ್ಷಿಸುವ ವ್ಯವಸ್ಥೆ ಬದಲಾಗಬೇಕಾಗಿದೆ.

ಕೋರ್ಸಿನ ಕೊನೆಯಲ್ಲಿ ಸಿಗುವ ಅಂಕಗಳಿಗಿಂತ ಹೆಚ್ಚು ನಂಬಬಹುದಾದ ಅಳತೆ ಆಸ್ಪತ್ರೆಯ ರಿಜಿಸ್ಟರಿನಲ್ಲೇ ಇರುತ್ತದೆ. ಕೋರ್ಸು ಆರಂಭಿಸುವ ಮೊದಲಿನ ಒಂದು ತಿಂಗಳಲ್ಲಿ ಡಿಸ್ಚಾರ್ಜ್ ಆದ ಬಿಪಿ–ಶುಗರ್ ರೋಗಿಗಳಲ್ಲಿ ಎಷ್ಟು ಮಂದಿ ಹೇಳಿದ ದಿನಕ್ಕೆ ಮರಳಿ ಬಂದರು, ಎಷ್ಟು ಮಂದಿ ತಮ್ಮ ಔಷಧಗಳ ಹೆಸರು ಮತ್ತು ವೇಳೆಯನ್ನು ತಾವೇ ಹೇಳಬಲ್ಲವರಾಗಿದ್ದರು ಎಂದು ಬರೆದಿಟ್ಟುಕೊಂಡು, ಕೋರ್ಸು ಮುಗಿದ ಮೂರು ತಿಂಗಳ ನಂತರ ಅದೇ ಎರಡು ಪ್ರಶ್ನೆಗಳನ್ನು ಮತ್ತೆ ಕೇಳಿದರೆ, ಕಲಿತದ್ದು ವಾರ್ಡಿಗೆ ಇಳಿದಿದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತದೆ. ಅಂತಹ ಎಣಿಕೆಯನ್ನು ಕಲಿಯುವವರಿಂದ ಮಾಡಿಸಿ, ಅದನ್ನೇ ಕೊನೆಯ ಅಸೈನ್‌ಮೆಂಟ್ ಆಗಿ ಸ್ವೀಕರಿಸುವ ಕೋರ್ಸು ಸಿಕ್ಕರೆ ಅದನ್ನು ಮೊದಲು ಆರಿಸಬೇಕು; ಸಿಗದಿದ್ದರೆ ಸಿಕ್ಕ ಕೋರ್ಸಿಗೆ ಈ ಎಣಿಕೆಯನ್ನು ತಾವೇ ಜೋಡಿಸಿಕೊಳ್ಳಬಹುದು, ಅದಕ್ಕೆ ಬೇಕಾದದ್ದು ಒಂದು ನೋಟ್ ಪುಸ್ತಕ ಮತ್ತು ಸಿರುಗುಪ್ಪ, ಕುರುಗೋಡು, ಸಂಗನಕಲ್ಲಿನ ಆಶಾ ಕಾರ್ಯಕರ್ತೆಯರ ಮೊಬೈಲ್ ಸಂಖ್ಯೆಗಳು.